ಬರೆಯುವವರ ಫೋನು ದಪ್ಪಗಿದ್ದರೇನು?

ಶಾಂಘೈನ ಯುನಿಹರ್ಟ್ಜ್ ಕಂಪನಿ 2019ರಲ್ಲಿ ಪರಿಚಯಿಸಿದ ಟೈಟನ್ ಫೋನಿನ ತೂಕ 303 ಗ್ರಾಂ, ದಪ್ಪ 16 ಮಿಲಿಮೀಟರಿಗೂ ಹೆಚ್ಚು. 4.6 ಇಂಚಿನ ಚೌಕ ಪರದೆ, ಅದರ ಕೆಳಗೆ ಒತ್ತಿದರೆ ಟಕ್ಕೆನ್ನುವ ಕೀಲಿಗಳು, ಒಳಗೆ 6000 ಎಂಎಎಚ್ ಬ್ಯಾಟರಿ. ಅಂಗಿ ಜೇಬಿಗೆ ಹಾಕಿದರೆ ಜೇಬು ಜೋತುಬೀಳುತ್ತದೆ. ಲಂಡನ್ನಿನ ಪ್ಲ್ಯಾನೆಟ್ ಕಂಪ್ಯೂಟರ್ಸ್ ತಯಾರಿಸಿದ, ಪುಸ್ತಕದಂತೆ ಮಡಚಿಡುವ ಜೆಮಿನಿಯದೂ ಹೆಚ್ಚುಕಡಿಮೆ ಅಷ್ಟೇ ಭಾರ. 2007ರ ಜನವರಿಯಲ್ಲಿ ಐಫೋನನ್ನು ಲೋಕಕ್ಕೆ ತೋರಿಸುತ್ತ ಸ್ಟೀವ್ ಜಾಬ್ಸ್, ಬೇಕಿರಲಿ ಬೇಡದಿರಲಿ ಸದಾ ಜಾಗ ಹಿಡಿದು ಕೂರುವ ಕೀಲಿಗಳೇ ಅಂದಿನ ಫೋನುಗಳ ದೋಷ ಎಂದಿದ್ದರು. ಜಗತ್ತು ಆ ಮಾತನ್ನು ಒಪ್ಪಿತು. ಆದರೂ ಇಂಥ ಫೋನುಗಳು ಮತ್ತೆ ಮತ್ತೆ ಹುಟ್ಟುತ್ತಲೇ ಇವೆ. ಇದನ್ನು ಹಳೆಯದರ ಮೇಲಿನ ಮೋಹವೆಂದು ತಳ್ಳಿಹಾಕುವುದು ಸರಿಯಲ್ಲ. ವರದಿಗಾರರು, ವಕೀಲರು, ಶಿಕ್ಷಕರು, ಅನುವಾದಕರು ಹೀಗೆ ದಿನವೂ ಫೋನಿನಲ್ಲೇ ನಾಲ್ಕಾರು ಪ್ಯಾರಾ ಬರೆಯಬೇಕಾದವರಿಗೆ ಈ ಭಾರ ಹೊರುವುದು ಲಾಭದ ಬಾಬತ್ತು. ಕನ್ನಡದಲ್ಲಿ ಬರೆಯುವವರಿಗೆ ಆ ಲಾಭ ಇನ್ನೂ ಹೆಚ್ಚು.

ಮೊದಲ ಆಕ್ಷೇಪ ತೂಕದ್ದೇ. 1996ರ ನೋಕಿಯಾ 9000 ಕಮ್ಯುನಿಕೇಟರ್ 397 ಗ್ರಾಂ ತೂಗುತ್ತಿದ್ದ ಕಾಲದಲ್ಲಿ ಆ ದೂರಿಗೆ ಅರ್ಥವಿತ್ತು. ಈಗ ಹಾಗಿಲ್ಲ. 2022ರ ಐಫೋನ್ 14 ಪ್ರೊ ಮ್ಯಾಕ್ಸ್ 240 ಗ್ರಾಂ ಇದೆ. ಕೀಲಿಮಣೆ ಪಕ್ಕಕ್ಕೆ ಜಾರಿ ಹೊರಬರುವ 2019ರ ಎಫ್‌ಎಕ್ಸ್‌ಟೆಕ್ ಪ್ರೊ1 ಇರುವುದು 243 ಗ್ರಾಂ. ಗಾಜಿನ ಫೋನಿಗೆ ಒಂದು ಗಟ್ಟಿ ಕವರು ಹಾಕಿದರೆ ಲೆಕ್ಕವೇ ತಿರುಗಿಬೀಳುತ್ತದೆ. ಕ್ಯಾಮೆರಾಕ್ಕಾಗಿ, ದೊಡ್ಡ ಪರದೆಗಾಗಿ ಕಾಲು ಕಿಲೋ ಹೊರಲು ನಾವೆಲ್ಲ ಎಂದೋ ಒಪ್ಪಿಕೊಂಡಿದ್ದೇವೆ. ಹಾಗಿದ್ದ ಮೇಲೆ ಬರವಣಿಗೆಗಾಗಿ ಹೊರುವವರನ್ನು ಮಾತ್ರ ವಿಚಿತ್ರವಾಗಿ ನೋಡಬೇಕಿಲ್ಲ.

ಎರಡನೆಯ ಆಕ್ಷೇಪ ವೇಗದ್ದು, ಅದು ನಿಜಕ್ಕೂ ಬಲವಾದದ್ದು. ಸುಮಾರು 37,000 ಸ್ವಯಂಸೇವಕರು ಫೋನಿನಲ್ಲಿ ಹೇಗೆ ಟೈಪ್ ಮಾಡುತ್ತಾರೆಂದು ಆಲ್ಟೊ, ಕೇಂಬ್ರಿಜ್ ಮತ್ತು ಜ್ಯೂರಿಕ್‌ನ ಸಂಶೋಧಕರು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ಟಚ್‌ಸ್ಕ್ರೀನಿನ ಸರಾಸರಿ ವೇಗ ನಿಮಿಷಕ್ಕೆ 36 ಪದ. ಎರಡೂ ಹೆಬ್ಬೆರಳು ಬಳಸುವವರದು 38. ಕಂಪ್ಯೂಟರ್ ಕೀಲಿಮಣೆಯ ಸರಾಸರಿಯೇ 52ರ ಹತ್ತಿರ ಇರುವಾಗ, ಗಾಜಿನ ಮೇಲಿನ ಈ ವೇಗ ಕಡಿಮೆಯದಲ್ಲ. ಹೆಬ್ಬೆರಳಿನಗಲದ ಕೀಲಿಗಳು ಇದನ್ನು ಮೀರಿಸುತ್ತವೆಂದು ಹೇಳಲು ನನ್ನ ಬಳಿ ಆಧಾರವಿಲ್ಲ, ಹೇಳುವ ಅಗತ್ಯವೂ ಇಲ್ಲ. ಆ ಅಧ್ಯಯನದಲ್ಲೇ ಇನ್ನೊಂದು ಸಂಗತಿಯಿದೆ: ತಪ್ಪನ್ನು ತಾನೇ ತಿದ್ದುವ ಸೌಲಭ್ಯ ಬಳಸಿದವರು ವೇಗ ಗಳಿಸಿದರು, ಸೂಚಿಸಿದ ಪದಗಳನ್ನು ಆರಿಸಿಕೊಳ್ಳುತ್ತ ಹೋದವರು ನಿಧಾನವಾದರು. ಎಂದರೆ ಗಾಜಿನ ಮೇಲಿನ ವೇಗದಲ್ಲಿ ಒಂದು ಪಾಲು ಬೆರಳಿನದಲ್ಲ, ಊಹಿಸಿ ತಿದ್ದುವ ತಂತ್ರಾಂಶದ್ದು. ಆ ಊಹೆ ಸರಿಯಾದಾಗ ಸುಖ. ಊರಿನ ಹೆಸರು, ಆಡುಮಾತು, ಕಾನೂನಿನ ಪದ ಬಂದಾಗ ಅದು ಎಡವುತ್ತದೆ, ಬರೆದವರು ಹಿಂದೆ ಹೋಗಿ ಸರಿಪಡಿಸಬೇಕಾಗುತ್ತದೆ. ಕೀಲಿಮಣೆ ಕೊಡುವುದು ಒತ್ತಿದ್ದೇ ಬರುತ್ತದೆಂಬ ಭರವಸೆ. ಕೀಲಿಯ ಅಂಚು ಬೆರಳಿಗೆ ತಾಗುವುದರಿಂದ ಕಣ್ಣು ಬರೆಯುತ್ತಿರುವ ಸಾಲಿನ ಮೇಲೇ ಇರುತ್ತದೆ, ಪರದೆಯ ಕೆಳಭಾಗವನ್ನು ಅಕ್ಷರಗಳ ಚಿತ್ರ ನುಂಗುವುದಿಲ್ಲ. ಬ್ಲ್ಯಾಕ್‌ಬೆರಿ ಪಾಸ್‌ಪೋರ್ಟ್‌ನಿಂದ ಟೈಟನ್‌ವರೆಗೆ ಹಲವು ಫೋನುಗಳಲ್ಲಿ ಕೀಲಿಗಳ ಮೇಲೆ ಬೆರಳು ಸವರಿದರೆ ಪುಟವೇ ಸರಿಯುತ್ತದೆ, ಓದುತ್ತಿರುವ ಸಾಲು ಬೆರಳಿನಡಿ ಮರೆಯಾಗುವುದಿಲ್ಲ. ದೀರ್ಘವಾಗಿ ಬರೆಯುವವರಿಗೆ ನಿಮಿಷಕ್ಕೆ ಎರಡು ಪದ ಹೆಚ್ಚು ಸಿಗುವುದಕ್ಕಿಂತ ಇದು ದೊಡ್ಡದು.

ಆ ಅಧ್ಯಯನ ನಡೆದದ್ದು ಇಂಗ್ಲಿಷ್ ವಾಕ್ಯಗಳ ಮೇಲೆ. ಕನ್ನಡಕ್ಕೆ ಬಂದರೆ ಚಿತ್ರ ಬೇರೆ. ಕನ್ನಡದ ಅಕ್ಷರಗಳನ್ನೆಲ್ಲ ಫೋನಿನ ಪರದೆಯಲ್ಲಿ ಬಿಡಿಸಿಟ್ಟರೆ ಮನೆಗಳು ಇಕ್ಕಟ್ಟಾಗುತ್ತವೆ, ಬೆರಳು ಪಕ್ಕದ ಅಕ್ಷರಕ್ಕೆ ಬೀಳುತ್ತದೆ. ಆದ್ದರಿಂದಲೇ ಎಷ್ಟೋ ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಯಂತ್ರ ಅದನ್ನು ಲಿಪಿಗೆ ತಿರುಗಿಸಲಿ ಎಂದು ಕಾಯುತ್ತಾರೆ. ಇದಕ್ಕೆ ಬೇರೆ ದಾರಿಯಿದೆ: ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ನಮ್ಮ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ನೆಲೆಯೂರಿದ ವಿನ್ಯಾಸಕ್ಕೆ ಇಪ್ಪತ್ತಾರು ಅಕ್ಷರದ ಕೀಲಿಗಳೂ ಒಂದು ಶಿಫ್ಟ್ ಕೀಲಿಯೂ ಸಾಕು. ಅಲ್ಪಪ್ರಾಣಕ್ಕೆ ನೇರ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್, ಒತ್ತಕ್ಷರಕ್ಕೆ ನಡುವೆ ಎಫ್. ಕನ್ನಡ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದೇ ಒತ್ತುಗಳು. ಲಿಪ್ಯಂತರದಲ್ಲಿ ಏಳು ಬೇಕು. ಹೆಬ್ಬೆರಳ ಕೀಲಿಮಣೆಯಲ್ಲಿರುವುದೂ ಸರಿಯಾಗಿ ಅಷ್ಟೇ ಅಕ್ಷರದ ಕೀಲಿಗಳು. ಭಾರತೀಯ ಭಾಷೆಗಳಿಗೆಂದು ರೂಪಿಸಿದ ಪ್ರಮಾಣಿತ ವಿನ್ಯಾಸವಾದ ಇನ್‌ಸ್ಕ್ರಿಪ್ಟ್‌ಗೆ ಈ ಅನುಕೂಲವಿಲ್ಲ. ಅದರಲ್ಲಿ ಚ, ಟ, ಡ, ಯ ಕುಳಿತಿರುವುದು ವಿರಾಮಚಿಹ್ನೆಗಳ ಕೀಲಿಗಳ ಮೇಲೆ, ಸಣ್ಣ ಕೀಲಿಮಣೆಯಲ್ಲಿ ಅವಕ್ಕೆ ಪ್ರತ್ಯೇಕ ಜಾಗವೇ ಇರುವುದಿಲ್ಲ. ಕಂಪ್ಯೂಟರಿನಲ್ಲಿ ನುಡಿಗೆ ಪಳಗಿದ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಕೌಶಲ ಫೋನಿಗೆ ಬಂದೊಡನೆ ನಿರುಪಯುಕ್ತವಾಗುತ್ತಿರುವುದು ನನಗೆ ನಿಜವಾದ ನಷ್ಟವಾಗಿ ಕಾಣುತ್ತದೆ.

ಮಾತಾಡಿದರೆ ಸಾಕು, ಫೋನೇ ಬರೆದುಕೊಳ್ಳುತ್ತದಲ್ಲ ಎನ್ನುವವರಿದ್ದಾರೆ. ಮನೆಯಲ್ಲಿ ಒಬ್ಬರೇ ಇದ್ದಾಗ ಅದು ಒಳ್ಳೆಯ ಸಾಧನ. ನ್ಯಾಯಾಲಯದ ಪಡಸಾಲೆಯಲ್ಲಿ, ಆಸ್ಪತ್ರೆಯಲ್ಲಿ, ತುಂಬಿದ ಬಸ್ಸಿನಲ್ಲಿ ಬರೆಯಬೇಕಾದ್ದನ್ನು ಗಟ್ಟಿಯಾಗಿ ಹೇಳಲಾಗದು.

ಹಾಗೆಂದು ಈ ಫೋನುಗಳಿಗೆ ಕೊರತೆಯಿಲ್ಲವೆಂದಲ್ಲ. ಬಸ್ಸಿನಲ್ಲಿ ನಿಂತಾಗ ಒಂದು ಕೈ ಕಂಬಿಗೆ ಹೋದರೆ ಉಳಿದ ಕೈಯಿಂದ ಟೈಟನ್ ಹಿಡಿದು ಬರೆಯುವುದು ಕಷ್ಟ. ಉದ್ದ ಪರದೆಗಾಗಿ ಮಾಡಿದ ಆ್ಯಪ್‌ಗಳು ಚೌಕದೊಳಗೆ ಮುದುಡುತ್ತವೆ. ಕೀಲಿ ಗಟ್ಟಿಯಾಗಿದ್ದರೂ ಒಳಗಿನ ತಂತ್ರಾಂಶಕ್ಕೆ ಆಯುಷ್ಯ ಮುಗಿಯಬಹುದು: 2022ರ ಜನವರಿ 4ರಂದು ಬ್ಲ್ಯಾಕ್‌ಬೆರಿ ತನ್ನ ಹಳೆಯ ಕಾರ್ಯಾಚರಣಾ ವ್ಯವಸ್ಥೆಗಳ ಸೇವೆ ನಿಲ್ಲಿಸಿದಾಗ ಸುಸ್ಥಿತಿಯಲ್ಲಿದ್ದ ಫೋನುಗಳೂ ನಂಬಿಕೆಗೆ ಎರವಾದವು. ಕನ್ನಡಿಗರಿಗೆ ಇನ್ನೊಂದು ತೊಡಕು. ರಾವ್ ಅವರ ವಿನ್ಯಾಸದಲ್ಲಿ ಪದದ ಮೊದಲಲ್ಲಿ ಒತ್ತಿದ ಸ್ವರದ ಕೀಲಿ ಸ್ವರವಾಗುತ್ತದೆ, ವ್ಯಂಜನದ ಬಳಿಕ ಒತ್ತಿದರೆ ಅದೇ ಕೀಲಿ ಗುಣಿತ ಚಿಹ್ನೆಯಾಗುತ್ತದೆ. ಆದ್ದರಿಂದ ಕೀಲಿಗೊಂದು ಅಕ್ಷರವೆಂದು ಪಟ್ಟಿ ಮಾಡಿದರೆ ಸಾಲದು. ಕೀಲಿಯ ಒತ್ತನ್ನು ಆಲಿಸಿ, ಹಿಂದಿನ ಅಕ್ಷರ ನೋಡಿ ನಿರ್ಧರಿಸುವ ಆ್ಯಪ್ ಬೇಕು. ಪರದೆಗೆಂದೇ ಬರೆದ ಆ್ಯಪ್‌ಗಳು ಈ ಕೆಲಸ ಮಾಡುತ್ತವೆಂಬ ಖಾತರಿಯಿಲ್ಲ. ಕೊಳ್ಳುವ ಮುನ್ನ ಇದನ್ನು ಪರೀಕ್ಷಿಸಬೇಕು. ಹೊರದೇಶದಿಂದ ತರಿಸುವುದಾದರೆ ನಮ್ಮ ಕಂಪನಿಯ ಸಿಮ್‌ನಲ್ಲಿ ವಿಒಎಲ್‌ಟಿಇ ಕರೆ, ಎಂದರೆ 4ಜಿ ಜಾಲದ ಮೂಲಕವೇ ಹೋಗುವ ಕರೆ, ಸಾಧ್ಯವೇ ಎಂದೂ ಕೇಳಬೇಕು, ಏಕೆಂದರೆ 2ಜಿ, 3ಜಿ ಇಲ್ಲದ ಜಿಯೋದಂಥ ಜಾಲದಲ್ಲಿ ಅದಿಲ್ಲದೆ ಸಾಮಾನ್ಯ ಕರೆ ಹೋಗುವುದಿಲ್ಲ.