ಗೋಡೆಯ ಮೇಲಿನ ಮನೆ

ಬೇಸಿಗೆಯಲ್ಲಿ ಹಿಡಕಲ್ ಜಲಾಶಯದ ನೀರು ಇಳಿಯುತ್ತ ಬಂದಂತೆ ಹುನ್ನೂರಿನ ವಿಠ್ಠಲ ಮಂದಿರ ಮೇಲೇಳುತ್ತದೆ. ಮೊದಲು ಶಿಖರ, ಆಮೇಲೆ ಗೋಡೆ, ಕಡೆಗೆ ಕಾಲಿಡುವ ನೆಲ. ವರ್ಷದ ಬಹುಪಾಲು ಘಟಪ್ರಭೆಯ ಹಿನ್ನೀರಿನಲ್ಲಿ ಮುಳುಗಿರುವ ಈ ಗುಡಿಯ ದರ್ಶನಕ್ಕೆ ಆಗ ಸುತ್ತಲಿನ ಊರುಗಳ ಜನ ಬರುತ್ತಾರೆ. ಕೈಬಿಟ್ಟುಹೋದ ಜಾಗಕ್ಕೆ ಮತ್ತೊಮ್ಮೆ ಕಾಲಿಡುವ ಇಂಥದೇ ಹಂಬಲವನ್ನು ಬೆಂಗಳೂರಿನ ಒಂದು ಪುಟ್ಟ ಸ್ಟುಡಿಯೊ ವಿಡಿಯೊ ಗೇಮ್ ಮಾಡಿದೆ.

ಆಟದ ಹೆಸರು ‘ಇನ್ ಮೈ ಶ್ಯಾಡೊ’. ಅಭಿನವ್ ಸಾರಂಗಿ ಅವರ ಪ್ಲೇಬೇ ಸ್ಟುಡಿಯೊ ಅದನ್ನು ಹೊರತಂದದ್ದು 2021ರಲ್ಲಿ. ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ತಂಡಗಳು ಕಟ್ಟುವ ಇಂಥ ಆಟಗಳಿಗೆ ‘ಇಂಡೀ’ ಎನ್ನುತ್ತಾರೆ. ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಜಿಗಿಯುತ್ತ ಸಾಗುವ ಆಟ ‘ಪ್ಲಾಟ್‌ಫಾರ್ಮರ್’. ಟಿವಿಗೆ ವೈರು ಸಿಕ್ಕಿಸಿ ಮಾರಿಯೊ ಆಡಿದವರಿಗೆ ಆ ಜಿಗಿತ ಚೆನ್ನಾಗಿ ಗೊತ್ತು.

ಇಲ್ಲಿ ಜಿಗಿಯುವುದು ನೆರಳು. ಬೆಲ್ಲಾ ಎಂಬ ಯುವತಿ ಮನೆಯವರೊಂದಿಗೆ ಕಳೆದ ದಿನಗಳನ್ನು ನೆನೆಯುತ್ತಿದ್ದಾಳೆ. ಆಡುವವರ ಮುಂದೆ ಒಂದು ಕೋಣೆ, ಅದರಲ್ಲಿ ಮನೆಸಾಮಾನು, ಹಿಂದೆ ಗೋಡೆ. ಸಾಮಾನನ್ನು ಅತ್ತ ಸರಿಸಿ ಇತ್ತ ತಿರುಗಿಸಿದಂತೆ ಗೋಡೆಯ ಮೇಲಿನ ನೆರಳು ಬದಲಾಗುತ್ತದೆ. ಆ ನೆರಳುಗಳೇ ಮೆಟ್ಟಿಲು. ಸರಿಯಾಗಿ ಜೋಡಿಸಿದರೆ ನೆನಪಿನ ಮನುಷ್ಯರು ಅವುಗಳನ್ನು ಹತ್ತಿ ಮುಂದೆ ಹೋಗುತ್ತಾರೆ, ತಪ್ಪಿದರೆ ದಾರಿಯೇ ಇಲ್ಲ. ಹಳೆಯದನ್ನು ನೆನೆಯಬೇಕಾದರೆ ಮನೆಯನ್ನು ಮತ್ತೆ ಮತ್ತೆ ಜೋಡಿಸಿ ನೋಡಬೇಕು ಎಂಬ ಮಾತನ್ನು ಆಟ ಬಾಯಿಬಿಟ್ಟು ಹೇಳುವುದಿಲ್ಲ, ಕೈಯಿಂದ ಮಾಡಿಸುತ್ತದೆ. ಇದರ ನಿಜವಾದ ಕಲೆ ಇರುವುದು ಅಲ್ಲೇ.

ನೆರಳಿನಿಂದ ಕಥೆ ಹೇಳುವುದು ಕನ್ನಡದವರಿಗೆ ಹೊಸದಲ್ಲ. ತೊಗಲು ಗೊಂಬೆಯಾಟದ ಕಿಳ್ಳೇಕ್ಯಾತರು ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಗೆರೆ, ಬಣ್ಣ ಸ್ಪಷ್ಟ. ದೀಪದ ಕಡೆ ಸರಿಸಿದರೆ ಆಕೃತಿ ದೊಡ್ಡದಾಗಿ ಮಸುಕಾಗುತ್ತದೆ. ಬಳ್ಳಾರಿಯ ಬೆಳಗಲ್ ವೀರಣ್ಣ ಇದೇ ಪರದೆಯ ಮೇಲೆ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಆಡಿಸಿದರು. ಆದರೆ ಅಲ್ಲಿ ಗೊಂಬೆ ಕಲಾವಿದನ ಕೈಯಲ್ಲಿ, ಗೇಮಿನಲ್ಲಿ ನೋಡುವವರ ಕೈಯಲ್ಲೇ.

ಆ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯಲು ‘ಗ್ರಿಸ್’ ಆಡಬೇಕು. ಸ್ಪೇನಿನ ಬಾರ್ಸಿಲೋನಾದ ನೊಮಾಡ ಸ್ಟುಡಿಯೊದ ಈ ಆಟ 2018ರದ್ದು, ಚಿತ್ರ ಬರೆದವರು ಕಾನ್ರಾಡ್ ರೊಸೆಟ್. ಮೂರ್ನಾಲ್ಕು ತಾಸಿನಲ್ಲಿ ಮುಗಿಯುತ್ತದೆ. ದುಃಖದಿಂದ ದನಿ ಕಳೆದುಕೊಂಡ ಹುಡುಗಿಯೊಬ್ಬಳ ಲೋಕ ಬಣ್ಣಗೆಟ್ಟಿದೆ. ಶುರುವಿನಲ್ಲಿ, ಜಿಗಿಯಲೆಂದು ಬಟನ್ ಒತ್ತಿದರೆ ಅವಳು ಜಿಗಿಯುವುದಿಲ್ಲ, ಮೊಣಕಾಲೂರಿ ಕುಸಿಯುತ್ತಾಳೆ. ಮತ್ತೆ ಒತ್ತಿದರೂ ಅಷ್ಟೇ. ವರ್ಷಗಟ್ಟಲೆ ‘ಬಟನ್ ಎಂದರೆ ಜಿಗಿತ’ ಎಂದು ಕಲಿತ ಹೆಬ್ಬೆರಳಿಗೆ ಆಗುವ ಆ ಆಘಾತವನ್ನು ಸಿನಿಮಾ ಕೊಡಲಾರದು. ಏಳಲಾಗದ ಮೈಯ ಭಾರ ಆಡುವವರ ಬೆರಳಿಗೇ ತಗಲುತ್ತದೆ. ಮುಂದೆ ಒಂದೊಂದೇ ಬಣ್ಣ ಮರಳಿ, ಕಡೆಗೆ ಅವಳ ದನಿ ಮರಳಿದಾಗ ಕಣ್ಣು ತುಂಬಿಕೊಂಡವರು ಬಹಳ.

ಡೆನ್ಮಾರ್ಕಿನ ಪ್ಲೇಡೆಡ್ ಸ್ಟುಡಿಯೊದ ‘ಲಿಂಬೊ’ (2010) ಕೂಡ ಚಿಕ್ಕದೇ. ಕಪ್ಪು-ಬಿಳುಪಿನ ಕಾಡಿನಲ್ಲಿ ಒಬ್ಬ ಹುಡುಗ, ಮಾತೇ ಇಲ್ಲ. ಅಲ್ಲಿ ಸಾವು ಹೆಜ್ಜೆಹೆಜ್ಜೆಗೂ ಕಾದಿರುತ್ತದೆ, ಗ್ರಿಸ್‌ನಲ್ಲಿ ಹುಡುಗಿ ಸಾಯುವುದೇ ಇಲ್ಲ.

ಗ್ರಿಸ್ ಮೊಬೈಲಿನಲ್ಲೂ ಸಿಗುತ್ತದೆ. ಮಾತಿನ ಗೊಡವೆ ಇಲ್ಲದ್ದರಿಂದ ಹುಕ್ಕೇರಿಯ ಹುಡುಗರಿಗೂ ಮೂಡಲಗಿಯ ಅಜ್ಜಿಗೂ ಅರ್ಥವಾದೀತು. ಇದನ್ನು ಆಡಿದ ಗೋಕಾಕ ಕಡೆಯ ಯಾರಾದರೂ ಹುನ್ನೂರಿನ ಗುಡಿಯನ್ನು ಆಟಕ್ಕೆ ತರಬೇಕು: ಬೇಸಿಗೆಯಲ್ಲಿ ನೀರು ಇಳಿದಷ್ಟೂ ಒಂದೊಂದೇ ಮೆಟ್ಟಿಲು ಕಾಣುತ್ತ ಹೋಗಬೇಕು, ಮಳೆ ಹಿಡಿದು ಹೊಳೆ ಬರುವುದರೊಳಗೆ ಆಡುವವರು ಗರ್ಭಗುಡಿ ಮುಟ್ಟಿ ಹೊರಬರಬೇಕು.