ಸಂತಾನಹೀನತೆಯ ಪರೀಕ್ಷೆ ಮತ್ತು ಚಿಕಿತ್ಸೆ

‘ಬಂಜೆ’ ಎಂಬ ಶಬ್ದಕ್ಕೆ ಸರಿಸಮನಾದ ಪುಲ್ಲಿಂಗ ರೂಪವು ನಮ್ಮ ಮನೆಮಾತಿನಲ್ಲಿ ಬಳಕೆಯಲ್ಲಿಲ್ಲವೆಂಬುದನ್ನು ಶ್ರೋತೃಗಳು ಗಮನಿಸಿರಬಹುದು. ಮದುವೆಯಾಗಿ ನಾಲ್ಕು ವರ್ಷ ಕಳೆದರೂ ತೊಟ್ಟಿಲು ಕಟ್ಟುವ ಯೋಗ ಬಾರದಿದ್ದರೆ, ಸೊಸೆಯನ್ನು ಅಶ್ವತ್ಥಪ್ರದಕ್ಷಿಣೆಗೂ ವೈದ್ಯರಲ್ಲಿಗೂ ಕಳುಹಿಸುತ್ತೇವೆ. ಮಗನನ್ನು ಎಂದಿನಂತೆ ಕಚೇರಿಗೆ ಕಳುಹಿಸುತ್ತೇವೆ. ವೈದ್ಯಶಾಸ್ತ್ರವು ಈ ಪಕ್ಷಪಾತವನ್ನು ಒಪ್ಪುವುದಿಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ದಂಪತಿಗಳಲ್ಲಿ ಕಾರಣವು ಗಂಡನಲ್ಲಿ, ಇಲ್ಲವೆ ಇಬ್ಬರಲ್ಲಿಯೂ ಇರುತ್ತದೆ.

ನಮ್ಮ ಬಂಧುವರ್ಗದಲ್ಲಿಯೇ ಒಬ್ಬ ಹೆಣ್ಣುಮಗಳು ಏಳು ವರ್ಷ ಔಷಧಗಳನ್ನು ಸೇವಿಸಿ, ಒಮ್ಮೆ ಶಸ್ತ್ರಕ್ರಿಯೆಗೂ ಒಳಗಾದಳು. ಆಮೇಲೆ ಗಂಡನ ವೀರ್ಯಪರೀಕ್ಷೆಯಾಯಿತು. ಅದರಲ್ಲಿ ಶುಕ್ರಾಣುವೊಂದೂ ಇರಲಿಲ್ಲ. ಅಷ್ಟರಲ್ಲಿ ಆಕೆಗೆ 37 ತುಂಬಿತ್ತು.

ಯಾವ ತಡೆಯನ್ನೂ ಮಾಡಿಕೊಳ್ಳದೆ ಒಂದು ವರ್ಷ ದಾಂಪತ್ಯ ನಡೆಸಿಯೂ ಗರ್ಭ ನಿಲ್ಲದಿದ್ದರೆ ಪರೀಕ್ಷೆ ವಿಹಿತ. ಹೆಂಡತಿಗೆ 35 ಕಳೆದಿದ್ದರೆ ಆರು ತಿಂಗಳಿಗೇ ಹೋಗತಕ್ಕದ್ದು. ವೀರ್ಯಪರೀಕ್ಷೆಯಲ್ಲಿ ನೋವಿಲ್ಲ, ವೆಚ್ಚವೂ ಅಲ್ಪ. ಶುಕ್ರಾಣುಗಳ ಸಂಖ್ಯೆ, ಚಲನೆ, ಆಕಾರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯು ಒಂದು ಮಿಲಿಲೀಟರಿಗೆ 1.6 ಕೋಟಿಯನ್ನು ಕೆಳಮಿತಿಯಾಗಿ ಹೇಳುತ್ತದೆ. ಅದಕ್ಕಿಂತ ಕಡಮೆಯಾದರೆ ಸಂತಾನವೇ ಆಗದೆಂದು ಅರ್ಥವಲ್ಲ. ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ದೇಹದಾರ್ಢ್ಯಕ್ಕೂ ಪುರುಷತ್ವಕ್ಕೂ ಈ ಲೆಕ್ಕಕ್ಕೂ ನೇರ ಸಂಬಂಧವಿಲ್ಲ. ನಾಚಿಕೆಯ ಮೂಲವೆಲ್ಲ ಈ ಭ್ರಮೆಯೇ.

ಹೆಂಗಸಿನಲ್ಲಿ ಮುಖ್ಯವಾಗಿ ನೋಡುವುದು ಅಂಡವು ಕಾಲಕಾಲಕ್ಕೆ ಬಿಡುಗಡೆಯಾಗುವುದೇ, ಅಂಡನಾಳಗಳು ತೆರೆದಿವೆಯೇ ಎಂಬುದನ್ನು. ಮೊದಲನೆಯದನ್ನು ರಕ್ತಪರೀಕ್ಷೆಯಿಂದಲೂ ಸ್ಕ್ಯಾನಿನಿಂದಲೂ ಅರಿಯಬಹುದು. ಎರಡನೆಯದಕ್ಕೆ, ಕ್ಷಕಿರಣದಲ್ಲಿ ಕಾಣುವ ದ್ರವವೊಂದನ್ನು ಗರ್ಭಕೋಶಕ್ಕೆ ಬಿಟ್ಟು ಅದು ಹರಿಯುವ ದಾರಿಯನ್ನು ಚಿತ್ರಿಸುತ್ತಾರೆ. ನಮ್ಮ ದೇಶದಲ್ಲಿ ಕ್ಷಯರೋಗವು ಸದ್ದಿಲ್ಲದೆ ಈ ನಾಳಗಳನ್ನು ಮುಚ್ಚಿಬಿಡುವುದುಂಟು.

ಅಂಡ ಬಿಡುಗಡೆಯಾಗದಿದ್ದರೆ ಬಹುಮಂದಿಗೆ ಲೆಟ್ರೋಜೋಲ್ ಮೊದಲಾದ ಗುಳಿಗೆಗಳೇ ಸಾಕಾಗಬಹುದು. ನಾಳಗಳೆರಡೂ ಮುಚ್ಚಿದ್ದರೆ, ಅಂಡವನ್ನು ಹೊರತೆಗೆದು ಪಾತ್ರೆಯಲ್ಲಿ ಫಲಗೊಳಿಸಿ ಗರ್ಭಕೋಶದಲ್ಲಿರಿಸುವ ಕ್ರಮವುಂಟು. ಈ ರೀತಿಯಾಗಿ ಮೊದಲ ಶಿಶು ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಹುಟ್ಟಿತು. ಅದೇ ಅಕ್ಟೋಬರಿನಲ್ಲಿ ಕಲ್ಕತ್ತೆಯ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರೂ ಇದನ್ನು ಸಾಧಿಸಿದರು; ನಮ್ಮವರು ನಂಬಲಿಲ್ಲ! 1992ರಲ್ಲಿ ಬ್ರಸೆಲ್ಸ್ ನಗರದ ವೈದ್ಯರು, ಒಂದೇ ಶುಕ್ರಾಣುವನ್ನು ಅಂಡದೊಳಕ್ಕೆ ಚುಚ್ಚಿ ಶಿಶುಗಳನ್ನು ಪಡೆದುದನ್ನು ಪ್ರಕಟಿಸಿದರು. ವೀರ್ಯದಲ್ಲಿ ಶುಕ್ರಾಣುವೇ ಇಲ್ಲದವರಲ್ಲಿಯೂ ಕೆಲವರ ವೃಷಣದಿಂದ ಅದನ್ನು ಸೂಜಿಯಲ್ಲಿ ತೆಗೆಯಬಹುದು. ನಮ್ಮ ಬಂಧುವಿಗೆ ಹೀಗೆಯೇ ಸಿಕ್ಕಿತು. ಆದರೆ ಹೆಂಡತಿಯ ವಯಸ್ಸೇರಿದಂತೆ ಅಂಡಗಳ ಶಕ್ತಿ ಕುಂದುವುದರಿಂದ ಎರಡು ಪ್ರಯತ್ನಗಳು ವ್ಯರ್ಥವಾದವು. ಮೂರನೆಯದಕ್ಕೆ ಅವರು ಹಣ ಕೂಡಿಸುತ್ತಿದ್ದಾರೆ.