ನೀಲಕುರಿಂಜಿ: ಬೆಟ್ಟದ ನೆತ್ತಿಯ ಹನ್ನೆರಡು ವರ್ಷದ ಲೆಕ್ಕ

ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ರಾಜ್ಯದ ಅತ್ಯುನ್ನತ ಶಿಖರವದು. ಮೇಲೇರಿದಂತೆ ವಾಯುವಿನ ಉಷ್ಣತೆ ಪ್ರತಿ ಕಿಲೋಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಅಂದರೆ ಆ ಶಿಖರ ಧಾರವಾಡಕ್ಕಿಂತ ಸುಮಾರು 7ರಿಂದ 8 ಡಿಗ್ರಿ ತಂಪು. ಇಂತಹ ತಂಪು ನೆತ್ತಿಗಳೇ ನೀಲಕುರಿಂಜಿಯ ತವರು. ಇದರ ವೈಜ್ಞಾನಿಕ ಹೆಸರು ಸ್ಟ್ರೋಬಿಲಾಂತಸ್ ಕುಂತಿಯಾನ. ಪಶ್ಚಿಮ ಘಟ್ಟಗಳಲ್ಲಿ ಸುಮಾರು 1,300ರಿಂದ 2,400 ಮೀಟರ್ ಎತ್ತರದಲ್ಲಿ ಇದು ಬೆಳೆಯುತ್ತದೆ.

ಹುಲ್ಲು ಮತ್ತು ಶೋಲಾ

ಈ ಎತ್ತರದಲ್ಲಿ ಕಣಿವೆಯ ಮಡಿಲಲ್ಲಿ ಶೋಲಾ ಕಾಡು, ಇಳಿಜಾರಿನಲ್ಲಿ ಹುಲ್ಲುಗಾವಲು ಇರುತ್ತವೆ. ಕಾಡು ಎಲ್ಲೆಡೆ ಹಬ್ಬುವುದಿಲ್ಲವೇಕೆ? ಗಾಳಿ, ಬೆಂಕಿ, ತೆಳು ಮಣ್ಣುಗಳ ಜೊತೆಗೆ ಇಬ್ಬನಿ ಹೆಪ್ಪುಗಟ್ಟುವ ಚಳಿಯೂ ಒಂದು ಕಾರಣ. ನೀಲಗಿರಿಯಂತಹ ಎತ್ತರದ ಬೆಟ್ಟಗಳಲ್ಲಿ, ಮೋಡವಿಲ್ಲದ ಚಳಿಗಾಲದ ರಾತ್ರಿ, ಬಯಲಿನ ನೆಲ ತನ್ನ ಶಾಖವನ್ನು ಅವಕೆಂಪು ವಿಕಿರಣವಾಗಿ ಆಕಾಶಕ್ಕೆ ಕಳೆದುಕೊಂಡು ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತದೆ. ಮರದ ಸಸಿಗಳು ಸುಟ್ಟಂತಾಗುತ್ತವೆ. ಕಾಡಿನೊಳಗಾದರೋ ಎಲೆಗಳ ಚಪ್ಪರ ವಿಕಿರಣವನ್ನು ತಡೆದು ನೆಲವನ್ನು ಬೆಚ್ಚಗಿಡುತ್ತದೆ.

ಕಾದು ಅರಳುವುದೇಕೆ?

ನೀಲಗಿರಿ, ಮುನ್ನಾರ್ ಬೆಟ್ಟಗಳಲ್ಲಿ ಕುರಿಂಜಿ 1982, 1994, 2006 ಮತ್ತು 2018ರಲ್ಲಿ ಸಾಮೂಹಿಕವಾಗಿ ಅರಳಿತು. ಮುಂದಿನದು 2030ರಲ್ಲಿ. ಗಿಡ ಒಮ್ಮೆ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಎಲ್ಲವೂ ಒಟ್ಟಿಗೆ ಬೀಜ ಬಿಟ್ಟರೆ ಕೀಟ, ಇಲಿ, ಹಕ್ಕಿಗಳು ಎಷ್ಟು ತಿಂದರೂ ಬಹಳಷ್ಟು ಉಳಿಯುತ್ತದೆ. ಬಿದಿರಿನ ಹೂಬಿಡುವಿಕೆಗೆ ಡೇನಿಯಲ್ ಜಾನ್ಸೆನ್ 1976ರಲ್ಲಿ ನೀಡಿದ ವಿವರಣೆ ಇದೇ. ಕುರಿಂಜಿಗೂ ಇದನ್ನು ಅನ್ವಯಿಸುತ್ತಾರೆ. ಇದೇ ಕುಲದ ಇತರ ಪ್ರಭೇದಗಳಿಗೆ ಬೇರೆ ಬೇರೆ ಅವಧಿಗಳಿವೆ. ಆದ್ದರಿಂದ ನಮ್ಮ ಬೆಟ್ಟಗಳಲ್ಲಿ ನಡುವಿನ ವರ್ಷಗಳಲ್ಲೂ ‘ಕುರಿಂಜಿ ಅರಳಿತು’ ಎಂಬ ಸುದ್ದಿ ಬರುವುದುಂಟು.

ಮೇಲೆ ಜಾಗವಿಲ್ಲ

ಈಗ ಒಂದು ಸರಳ ಲೆಕ್ಕ ಮಾಡೋಣ. ವಾಯು 1 ಡಿಗ್ರಿ ಬಿಸಿಯಾದರೆ ಅದೇ ತಂಪು ಸಿಗಲು 1,000ವನ್ನು 6.5ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 150 ಮೀಟರ್ ಮೇಲೇರಬೇಕು. ಬೆಟ್ಟದ ಬುಡದ ಸಸ್ಯಕ್ಕೆ ಅದು ಸಾಧ್ಯ. ನೆತ್ತಿಯ ಸಸ್ಯಕ್ಕೆ ಮೇಲಿರುವುದು ಬರೀ ಆಕಾಶ. ಹನ್ನೆರಡು ವರ್ಷಕ್ಕೊಮ್ಮೆ ಮಾತ್ರ ಬೀಜ ಬಿಡುವ ಗಿಡದ ಪೀಳಿಗೆ ಸರಿಯುವುದೂ ನಿಧಾನ.

ಚಹಾ ತೋಟ, ನೀಲಗಿರಿ ಮರ, ಅಕೇಶಿಯಾ ನೆಡುತೋಪುಗಳಿಂದ ಹುಲ್ಲುಗಾವಲು ಈಗಾಗಲೇ ಕುಗ್ಗಿದೆ. ಕೇರಳ 2006ರಲ್ಲಿ 32 ಚದರ ಕಿಲೋಮೀಟರಿನ ಕುರಿಂಜಿಮಲ ಅಭಯಾರಣ್ಯವನ್ನು ಘೋಷಿಸಿತು. ಮಕ್ಕಳೊಡನೆ ಬೆಟ್ಟಕ್ಕೆ ಹೋಗುವ ಶಿಕ್ಷಕರು ಒಂದು ಮಾತು ಹೇಳಿಕೊಡಬೇಕು: ಕಿತ್ತ ಒಂದು ಗೊಂಚಲು ಆ ಗಿಡ ಹನ್ನೆರಡು ವರ್ಷ ಕಾದ ಬೀಜ. ಅದಕ್ಕೆ ಎರಡನೆಯ ಅವಕಾಶವಿಲ್ಲ.